ಗುಡ್ಡ, ಕೆರೆ ನೋಡ್ಕೊಂಡು ಫಿನ್ನಿಶ್ ಕಲಿಯೋದು ಹೆಂಗೆ?

ಪ್ರಶ್ನೆ: ನಮ್ಮ ಯಜಮಾನ್ರು ಫಿನ್‌ಲ್ಯಾಂಡಿನ ತಾಂಪೆರೆಲಿ ಕೆಲ್ಸದಲ್ಲಿದಾರೆ, ಕಾಫಿ ಕುಯ್ಲು ಮುಗಿದ್ಮೇಲೆ ನಾನೂ ಹೊರಡ್ಬೇಕು. ಮೊಬೈಲ್ ಆ್ಯಪಲ್ಲಿ ಫಿನ್ನಿಶ್ ಕಲೀತಿದೀನಿ, ಬರೀ ಬೆಕ್ಕು, ಕುರ್ಚಿ ಅಂತಾನೇ ಹೇಳ್ಕೊಡತ್ತೆ. ನಂಗೆ ಬೇಕಿರೋದು ಗುಡ್ಡ, ಕೆರೆ, ಮಂಜು, ವ್ಯೂ ಪಾಯಿಂಟು. ಒಂದು ಪಟ್ಟಿ ಕೊಡ್ತೀರಾ?
– ಓದುಗರೊಬ್ರು, ವೀರಾಜಪೇಟೆ

ಉತ್ತರ: ಪಟ್ಟಿ ಕೊಟ್ರೆ ನಾಳೆಗೆ ಮರ್ತೋಗತ್ತೆ ಮೇಡಂ. ಅದ್ರ ಬದ್ಲು ‘ನ್ಯಾಕ್’ ಅನ್ನೋ ಒಂದೇ ಧಾತು ಹಿಡ್ಕೊಳಿ, ಕಾಣೋದಕ್ಕೆ ಸಂಬಂಧಪಟ್ಟ ಎಷ್ಟೋ ಪದ ಅದ್ರಿಂದ್ಲೇ ಬರತ್ತೆ. ನ್ಯಾಕೊಅಲ ಅಂದ್ರೆ ಎತ್ತರದಿಂದ ಕಾಣೋ ನೋಟ, ನ್ಯಾಕೊತೊರ್ನಿ ಅಂದ್ರೆ ನೋಡಕ್ಕೆ ಕಟ್ಟಿರೋ ಗೋಪುರ, ನ್ಯಾಕ್ಯೂ ಅಂದ್ರೆ ಕಾಣತ್ತೆ. ‘ತ್ಯಾಲ್ತ್ಯಾ ನ್ಯಾಕ್ಯೂ ಯ್ಯಾರ್ವಿ’, ಅಂದ್ರೆ ಇಲ್ಲಿಂದ ಕಾಣತ್ತೆ ಕೆರೆ. ‘ನಾನು ನೋಡ್ತೀನಿ’ ಅಂತ ಸೇರಿಸೋದೇ ಬೇಡ, ನಮ್ಮ ಹಂಗೇ. ಬರೀ ದೃಶ್ಯ, ಸೀನರಿ ಅನ್ನಕ್ಕೆ ಮೈಸೆಮ, ಚೆನ್ನಾಗಿದ್ರೆ ಮುಂದೆ ಕೌನಿಸ್ ಸೇರಿಸಿ.

ತಾಂಪೆರೆಲೇ ಇರ್ತೀರಲ್ಲ, ಪ್ಯೂನಿಕ್ಕಿ ಗುಡ್ಡದ ಮೇಲೆ 1929ರ ನ್ಯಾಕೊತೊರ್ನಿ ಇದೆ, ಮೇಲೆ ಹತ್ತಿದ್ರೆ ಊರಿನ ಒಂದು ಕಡೆ ನ್ಯಾಸಿಯ್ಯಾರ್ವಿ ಇನ್ನೊಂದು ಕಡೆ ಪ್ಯೂಹಯ್ಯಾರ್ವಿ, ಎರಡು ಕೆರೆ ಹೆಸರಲ್ಲೂ ಯ್ಯಾರ್ವಿ ಕೂತಿರೋದ್ರಿಂದ ಆ ಪದ ಬೇರೆ ಬಾಯಿಪಾಠ ಮಾಡ್ಬೇಕಿಲ್ಲ. ಕೆಳಗಿನ ಕೆಫೆಲಿ ಮುಂಕ್ಕಿ ಅನ್ನೋ ಡೋನಟ್ ಸಿಗತ್ತೆ, ಕಾಫಿ ಜೊತೆ ತಿನ್ನಿ (ನಮ್ಮ ಕೊಡಗಿನ ಕಾಫಿ ರುಚಿ ಹುಡುಕಕ್ಕೆ ಹೋಗ್ಬೇಡಿ, ಅಲ್ಲಿನವ್ರು ತೆಳ್ಳಗೆ ಕುಡೀತಾರೆ).

ಆಮೇಲೆ ವಿಭಕ್ತಿ. ಹದಿನೈದಿವೆ ಅಂತ ಕೇಳಿ ಇಂಗ್ಲಿಷಿನವ್ರು ಹೆದರ್ತಾರೆ, ನಮಗೇನು ಹೊಸದಾ? ಮೆತ್ಸ್ಯಾ ಕಾಡು, ಮೆತ್ಸ್ಯಾಸ್ಸ್ಯಾ ಕಾಡಲ್ಲಿ, ಮೆತ್ಸ್ಯಾಸ್ತ್ಯಾ ಕಾಡಿಂದ, ಹಿಂದ್ಗಡೆ ಅಂಟಿಸ್ತಾ ಹೋಗೋದು ಅಷ್ಟೆ. ಆದ್ರೆ ಗುಡ್ಡ ಅನ್ನೋ ಮ್ಯಾಕಿಲಿ ‘ಕ’ ಕಳೆದೋಗಿ ‘ಗುಡ್ಡದ ಮೇಲೆ’ ಅಂದಾಗ ಮ್ಯಾಎಲ್ಲ್ಯಾ ಆಗತ್ತೆ, ಇಲ್ಲೇ ಎಲ್ರೂ ಎಡವೋದು.

ಗುಡ್ಡಕ್ಕೇ ಅವ್ರತ್ರ ಎಷ್ಟೊಂದು ಪದ! ಲ್ಯಾಪ್‌ಲ್ಯಾಂಡಿನಲ್ಲಿ ನಮ್ಮ ತಡಿಯಂಡಮೋಳ್ ಬೆಟ್ಟದ ತುದಿ ಥರ ಮರ ಇಲ್ದೆ ಬೋಳಾಗಿರೋದು ತುಂತುರಿ, ಇದನ್ನ ಕೊಡಗಿನವ್ರು ಮರೆಯೋದು ಕಷ್ಟ. ಮೈತುಂಬ ಕಾಡಿರೋದು ವಾರ, ಆದ್ರೆ ಅಪಾಯಕ್ಕೂ ವಾರಾನೇ, ಹಾಗಾಗಿ ಬೋರ್ಡಲ್ಲಿ ಅದೊಂದೇ ಪದ ಕಂಡ್ರೆ ಕ್ಯಾಮೆರಾ ತೆಗೀಬೇಡಿ, ದೂರ ಸರೀರಿ. ದಟ್ಟ ಮಂಜು ಸುಮು, ಬೆಳಗ್ಗೆ ನೀರಿನ ಮೇಲೆ ತೆಳ್ಳಗೆ ಏಳೋದು ಉಸ್ವ.

ಹ್ರಸ್ವ, ದೀರ್ಘ, ಒತ್ತು ಮಾತ್ರ ಸರಿಯಾಗಿ ಹೇಳಿ, ಅದು ನಮ್ಮ ನಾಲಿಗೆಗೆ ಬರತ್ತೆ. ತುಲಿ ಬೆಂಕಿ, ತೂಲಿ ಗಾಳಿ, ತುಲ್ಲಿ ಕಸ್ಟಮ್ಸು. ಗೋಪುರದ ಮೇಲೆ ನಿಂತು ಗಾಳಿ ಜೋರು ಅನ್ನಕ್ಕೆ ಹೋಗಿ ಕಸ್ಟಮ್ಸ್ ಜೋರು ಅಂದ್ಬಿಟ್ಟೀರ.