ನಮ್ಮೂರಿನ ತತ್ವಪದದ ಮುತ್ಯಾನನ್ನು ಹೊರಗಿನವರಿಗೆ ಪರಿಚಯಿಸಲು ಯಾವ ಮೈಕ್ ಕೊಳ್ಳಲಿ?

ಆಳಂದದ ಕಡೆಯ ನಿಮ್ಮ ಊರಿನಲ್ಲಿ ಒಂಟಿ ತಂತಿಯ ಏಕತಾರಿ ಹಿಡಿದು ತತ್ವಪದ, ಅಂದರೆ ಅನುಭಾವದ ಪದ, ಹಾಡುವ ಮುತ್ಯಾ (ಅಜ್ಜ) ಇದ್ದಾರೆ, ಅವರನ್ನು ಬಲ್ಲವರೇ ಇಲ್ಲ, ಯೂಟ್ಯೂಬಿಗೆ ಹಾಕಬೇಕು ಎಂದಿದ್ದೀರಿ. ಹತ್ತು ವರ್ಷದ ಹಿಂದೆ ನಾನೂ ಇದೇ ಮಾತು ಆಡುತ್ತ ಕಲಬುರಗಿಯ ಅಂಗಡಿಗಳನ್ನೆಲ್ಲ ಅಲೆದಿದ್ದೆ. ಮೈಕಿನ ವಿಷಯ ಕೊನೆಗೆ ಹೇಳುತ್ತೇನೆ.

ನನ್ನ ಮುತ್ಯಾ ಚಿತ್ತಾಪುರ ತಾಲ್ಲೂಕಿನವರು, ಊರು ಕಾಗಿಣಾ ದಂಡೆಯಲ್ಲಿದೆ. ಸಂಬಂಧದಿಂದ ಮುತ್ಯಾ ಅಲ್ಲ, ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದು ಮುದುಕರಾದವರು. ಬಲಗೈ ಹೆಬ್ಬೆರಳಿನ ಉಗುರು ಸೀಳಿ ಎರಡಾಗಿತ್ತು. ಅಮಾವಾಸ್ಯೆಯ ರಾತ್ರಿ ಊಟ ಮುಗಿದ ಮೇಲೆ ಮಠದ ಕಟ್ಟೆಯಲ್ಲಿ ಭಜನೆಗೆ ಕುಳಿತರೆ ಏಳುತ್ತಿದ್ದುದು ಬೆಳಗಿನ ಜಾವಕ್ಕೆ. ಹಾಡುವ ಮೊದಲು ಧೋತರದ ಅಂಚಿನಿಂದ ಒಂದು ಎಳೆ ಕೀಳುತ್ತಿದ್ದರು. ಅದನ್ನು ನಾಲಿಗೆಗೆ ತಾಗಿಸಿ, ಹೊಸೆದು, ಏಕತಾರಿಯ ತಂತಿಯ ಕೆಳಗೆ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರು. ಸೋರೆಬುರುಡೆಗೆ ಕಿವಿ ಹಚ್ಚಿ ಮೀಟುತ್ತಿದ್ದರು. ಅದುವರೆಗೆ ಸಪ್ಪಗೆ ಮಿಡಿಯುತ್ತಿದ್ದ ತಂತಿ ಒಮ್ಮೆಲೇ ಜೇನ್ನೊಣದಂತೆ ಗುಂಯ್‌ಗುಡುತ್ತಿತ್ತು. "ಜೀವ ಬಂತು" ಎಂದು ಆಮೇಲೆ ಬಾಯಿ ತೆರೆಯುತ್ತಿದ್ದರು.

ಅವರು ಹಾಡುತ್ತಿದ್ದುದು ಹೆಚ್ಚಾಗಿ ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪರಂಪರೆಯ ಪದಗಳು. ಕಡಕೋಳ ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ. ಚೆನ್ನೂರ ಜಲಾಲಸಾಬ, ಖೈನೂರ ಕೃಷ್ಣಪ್ಪ ಇಬ್ಬರೂ ಒಬ್ಬನೇ ಗುರು ಮಡಿವಾಳಪ್ಪನ ಶಿಷ್ಯರಾಗಿ ಪದ ಕಟ್ಟಿದ ನೆಲ ಇದು. ಒಂದು ನುಡಿ ಹಾಡುತ್ತಾರೆ, ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ, ಕೈಯಲ್ಲಿ ಹಿಡಿದು ಬಡಿಯುವ ಚರ್ಮವಾದ್ಯ ದಮ್ಮಡಿಯೂ ತಾಳವೂ ನಿಲ್ಲುತ್ತವೆ, ಆಗ ಮುತ್ಯಾ ಮಾತಿಗೆ ಇಳಿಯುತ್ತಾರೆ. ಈ ಪದ ಯಾರದು, ತನಗೆ ಯಾರ ಬಾಯಿಂದ ಬಂತು, ಒಂಬತ್ತು ಬಾಗಿಲ ಮನೆ ಎಂದರೆ ಈ ದೇಹವೇ ಹೇಗೆ ಎಂದು ಬಿಡಿಸುತ್ತಾರೆ. ಎದುರು ಕುಳಿತವರು ಅಡ್ಡಪ್ರಶ್ನೆ ಹಾಕುತ್ತಾರೆ. ಹಾಡು ಐದು ನಿಮಿಷವಾದರೆ ಮಾತು ಹದಿನೈದು ನಿಮಿಷ.

ಈಗ ನನ್ನ ತಪ್ಪು. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಇದು ತಪ್ಪು ಎಂದು ಅನಿಸುವುದೇ ಇಲ್ಲ, ಒಪ್ಪವಾದ ಕೆಲಸ ಎನಿಸುತ್ತದೆ.

ಮೂರು ಅಮಾವಾಸ್ಯೆ ಕುಳಿತು ಹನ್ನೊಂದು ಗಂಟೆ ಧ್ವನಿಮುದ್ರಣ ಮಾಡಿದೆ. ಕುಗ್ಗಿಸದ ವೇವ್ ಕಡತ ಒಂದು ಗಂಟೆಗೆ ಸುಮಾರು 600 ಎಂಬಿ ಆಗುತ್ತದೆ. ಒಟ್ಟು ಏಳು ಜಿಬಿಯ ಹತ್ತಿರ ಬಂತು. ಮನೆಗೆ ಬಂದು ಕತ್ತರಿಸಲು ಕುಳಿತೆ. ಯಾರೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂದು ಒಬ್ಬ ಗೆಳೆಯ ಹೇಳಿದ್ದ. ಮಾತು ತೆಗೆದೆ. ಕೆಮ್ಮು ತೆಗೆದೆ. ಹಿಮ್ಮೇಳದಲ್ಲಿ ಒಬ್ಬರ ದನಿ ಒಡೆದಿತ್ತು, ಅವರಿದ್ದ ಕಡೆಯನ್ನೆಲ್ಲ ಕತ್ತರಿಸಿದೆ. ಕೊನೆಗೆ ಗದ್ದಲ ಕಡಿಮೆ ಮಾಡುವ ತಂತ್ರಾಂಶ ಹಾಯಿಸಿದೆ. ಅಂಥ ತಂತ್ರಾಂಶ ಎಡೆಬಿಡದೆ ಒಂದೇ ಸಮ ಕೇಳುವ ಸದ್ದನ್ನು ಗದ್ದಲವೆಂದು ತಿಳಿದು ಅಳಿಸುತ್ತದೆ. ಫ್ಯಾನಿನ ಸದ್ದು ಹಾಗೆಯೇ ಇರುತ್ತದೆ, ಏಕತಾರಿಯ ಗುಂಯ್‌ಗುಡುವಿಕೆಯೂ ಹಾಗೆಯೇ ಇರುತ್ತದೆ. ಧೋತರದ ಎಳೆಯಿಂದ ಬಂದ ಜೀವವನ್ನು ಅದು ನುಂಗಿಹಾಕಿತು.

ಇಷ್ಟಾದರೂ ಸರಿಪಡಿಸಬಹುದಿತ್ತು. ನಾನು ಮೂಲ ಕಡತಗಳನ್ನೇ ಅಳಿಸಿದೆ. ಲ್ಯಾಪ್‌ಟಾಪಿನಲ್ಲಿ ಜಾಗ ಇರಲಿಲ್ಲ, ಬೇಕಾದದ್ದು ತೆಗೆದುಕೊಂಡಾಗಿದೆಯಲ್ಲ ಎಂದುಕೊಂಡೆ. ಒಂದು ಪೆನ್‌ಡ್ರೈವ್ ಕೊಂಡಿದ್ದರೆ ಸಾಕಿತ್ತು. ಮುಂದಿನ ಅಮಾವಾಸ್ಯೆಗೆ ಮತ್ತೆ ಹಾಡುತ್ತಾರೆ ಎಂಬ ಧೈರ್ಯ ನನಗೆ. ಉಳಿದದ್ದು ನಾಲ್ಕು ನಾಲ್ಕು ನಿಮಿಷದ ಹದಿನಾಲ್ಕು ತುಂಡು.

ಹೆಮ್ಮೆಯಿಂದ ಮುತ್ಯಾನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಎರಡು ಪದ ಕೇಳಿ, "ತಮ್ಮಾ, ನನ್ನ ಎಡಕ್ಕೆ ಕುಳಿತವನು ಎಲ್ಲಿ ಹೋದ?" ಎಂದರು. ಬಯ್ಯಲಿಲ್ಲ, ಚಹಾ ತರಿಸಿದರು. ಮರು ವರ್ಷ ಯುಗಾದಿಗೆ ಮುಂಚೆಯೇ ತೀರಿಕೊಂಡರು.

ಈಗ ಅವರ ಮೊಮ್ಮಗಳು ಹಾಡಲು ಕಲಿಯುತ್ತಿದ್ದಾಳೆ. ಒಂದು ಪದದಲ್ಲಿ ಐದು ಎತ್ತು ಹೂಡಿ ಹೊಲ ಹರಗುವ ಮಾತು ಬರುತ್ತದೆ, ಕೊನೆಯ ನುಡಿಯಲ್ಲಿ ಕುಂಟೆಗೆ ಸಿಗದ ಮೂಲೆ ಬರುತ್ತದೆ. ಐದು ಎತ್ತು ಇಂದ್ರಿಯಗಳು, ಅದು ಯಾರಿಗೂ ಹೊಳೆಯುತ್ತದೆ. ಆ ಮೂಲೆ ಯಾವುದು? ಮುತ್ಯಾ ಆ ರಾತ್ರಿ ಗಣಿಯ ಕಲ್ಲಿನ ಉದಾಹರಣೆ ಕೊಟ್ಟು ಬಹಳ ಹೊತ್ತು ಹೇಳಿದ್ದರು. ಪಕ್ಕದಲ್ಲಿದ್ದವರು "ಆಹಾ" ಎಂದದ್ದು ನನಗೆ ನೆನಪಿದೆ. ಹೇಳಿದ್ದೇನು ಎಂಬುದು ನೆನಪಿಲ್ಲ. ಹುಡುಗಿ ಮೂರು ಸಲ ಫೋನ್ ಮಾಡಿ ಕೇಳಿದಳು. ಕತ್ತರಿಸಿದವನು ನಾನು, ಏನೆಂದು ಉತ್ತರಿಸಲಿ?

ಆದ್ದರಿಂದ ನಿಮ್ಮ ಮುತ್ಯಾನನ್ನು ಪ್ರಸಿದ್ಧರನ್ನಾಗಿ ಮಾಡುವ ಆಸೆ ಮೊದಲು ಬಿಡಿ. ಅವರನ್ನು ಬಲ್ಲವರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಮಾವಾಸ್ಯೆಗೆ ಸುತ್ತಲಿನ ಊರುಗಳಿಂದ ಬಂದು ಕೂಡುವವರು ಅವರನ್ನು ಬಲ್ಲರು, ಪದವನ್ನೂ ಬಲ್ಲರು, ಅರಿಯದವರು ನಾವು. ಮೊದಲೆರಡು ಸಲ ಬರಿಗೈಯಲ್ಲಿ ಹೋಗಿ ಹಿಮ್ಮೇಳದಲ್ಲಿ ಕುಳಿತು ಪಲ್ಲವಿ ಹೇಳಿ. ಧ್ವನಿಮುದ್ರಣ ಮಾಡಲೇ ಎಂದು ಅವರನ್ನೂ ಸಂಗಡಿಗರನ್ನೂ ಕೇಳಿ. ಒಪ್ಪಿದರೆ ಬೆಳಗಿನವರೆಗೆ ಒಂದೇ ಓಟದಲ್ಲಿ ಹಿಡಿಯಿರಿ, ಮಾತು, ಕೆಮ್ಮು, ನಗು ಎಲ್ಲ ಸೇರಿ. ಮೂರು ಪ್ರತಿ ಮಾಡಿ, ಒಂದನ್ನು ಅವರ ಮನೆಯಲ್ಲೇ ಇಡಿ. ಯೂಟ್ಯೂಬಿಗೆ ಹಾಕುವುದು, ಬಿಡುವುದು ಅವರು ಹೇಳಿದಂತೆ ಆಗಲಿ.

ಇನ್ನೊಂದು ಮಾತು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ನಿಮ್ಮ ಮುತ್ಯಾನಿಗೆ ಅದು ಬರುತ್ತಿದೆಯೇ ಎಂದು ಈ ವಾರವೇ ವಿಚಾರಿಸಿ, ಬರದಿದ್ದರೆ ಅರ್ಜಿ ತುಂಬಲು ನೀವೇ ಜೊತೆಗೆ ಹೋಗಿ. ಮೈಕ್ ಕೊಳ್ಳುವುದಕ್ಕಿಂತ ಇದು ಮೊದಲಾಗಬೇಕು. ನಾನು ಇದನ್ನೂ ಮಾಡಲಿಲ್ಲ.

ಮೈಕ್ ಬೇಕಾಗಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ನಲ್ಲಿಡಿ, ನಡುವೆ ಕರೆ ಬರಬಾರದು. ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ, ದಮ್ಮಡಿಯ ಪೆಟ್ಟು ಗುದ್ದುತ್ತದೆ. ಟವೆಲ್ ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ. ಮುತ್ಯಾನ ಬಾಯಿಯ ಎದುರಿಗಲ್ಲ, ಅವರ ಮತ್ತು ಎಡಕ್ಕೆ ಕುಳಿತವರ ನಡುವೆ.