ಕಂಪ್ಯೂಟರ್ ಕೋಚ್ ನಮ್ಮ ಆಟಗಾರರನ್ನು ಕಸಿಯುತ್ತಿದೆಯೇ?

ಪ್ರಶ್ನೆ: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಮಾದರಿಯ ಆನ್‌ಲೈನ್ ಆಟವೊಂದರಲ್ಲಿ ನಾನು ಸಣ್ಣ ಕಾಲೇಜಿನ ಕೋಚ್. ಯಾರೂ ವಹಿಸಿಕೊಳ್ಳದ ತಂಡಗಳನ್ನು ಅಲ್ಲಿ ಕಂಪ್ಯೂಟರೇ ನಡೆಸುತ್ತದೆ. ಈ ಸೀಸನ್‌ನಲ್ಲಿ ಹೈಸ್ಕೂಲಿನ ನಾಲ್ವರು ಆಟಗಾರರನ್ನು ಸೇರಿಸಿಕೊಳ್ಳಲು ಮನೆ ಭೇಟಿ, ಕ್ಯಾಂಪಸ್ ಭೇಟಿ, ಸ್ಕಾಲರ್‌ಶಿಪ್ ಎಂದು ಇದ್ದ ಬಜೆಟ್ಟನ್ನೆಲ್ಲ ಸುರಿದೆ. ನಾಲ್ವರ ವಿಷಯದಲ್ಲೂ ನನ್ನ ಅವಕಾಶ ಶೇ. 65 ಎಂದು ಪರದೆಯ ಮೇಲಿತ್ತು. ಆದರೂ ನಾಲ್ವರೂ ಕಂಪ್ಯೂಟರ್ ತಂಡಗಳ ಪಾಲಾದರು. ಅವುಗಳಲ್ಲಿ ಎರಡು ತಂಡಗಳು ಕೊನೆಯ ಸುತ್ತಿನಲ್ಲಷ್ಟೇ ಕಾಣಿಸಿಕೊಂಡಿದ್ದವು. ಇದು ಮೋಸವಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ದೂರಿನಲ್ಲಿ ಎರಡು ಅನುಮಾನಗಳು ಬೆರೆತಿವೆ: ಪರದೆಯ ಶೇ. 65 ಸುಳ್ಳು ಎಂಬುದು ಒಂದು, ನಿಮಗೆ ಕಾಣದ್ದು ಕಂಪ್ಯೂಟರ್ ತಂಡಗಳಿಗೆ ಕಾಣುತ್ತದೆ ಎಂಬುದು ಇನ್ನೊಂದು; ಮೊದಲನೆಯದು ದುರ್ಬಲ, ಎರಡನೆಯದು ಗಟ್ಟಿ.

ಶೇ. 65 ಅವಕಾಶವಿದ್ದೂ ಸತತವಾಗಿ ನಾಲ್ಕು ಬಾರಿ ಸೋಲುವ ಸಂಭವ ಸುಮಾರು ಶೇ. 1.5. ಇದು ಅಪರೂಪವೇ ಸರಿ, ಆದರೆ ನಿಮ್ಮಂತೆಯೇ 1,000 ಮಂದಿ ನಾಲ್ಕು ನಾಲ್ಕು ಆಟಗಾರರಿಗಾಗಿ ಪೈಪೋಟಿ ನಡೆಸಿದರೆ ಅವರಲ್ಲಿ ಸುಮಾರು 15 ಮಂದಿಗೆ ಇದೇ ಗತಿ ಬರುತ್ತದೆ, ಮತ್ತು ಪತ್ರಿಕೆಗೆ ಪತ್ರ ಬರೆಯುವವರು ಆ 15 ಮಂದಿಯೇ ಹೊರತು ಉಳಿದವರಲ್ಲ. ಆಟಗಳ ವಿನ್ಯಾಸಕ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಭಾಷಣದಲ್ಲಿ ಹೇಳಿದ ಅನುಭವ ಇಲ್ಲಿಗೆ ಒಪ್ಪುತ್ತದೆ: ತಮ್ಮ ಬಲ ಎದುರಾಳಿಯ ಮೂರು ಪಟ್ಟು ಇದ್ದಾಗ ಸೋತವರು ಆಟವೇ ಸರಿಯಿಲ್ಲ ಎನ್ನುತ್ತಿದ್ದರು, ಅಷ್ಟೇ ಕಡಿಮೆ ಬಲದಲ್ಲಿ ಗೆದ್ದವರಿಗೆ ಮಾತ್ರ ಅದರಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ.

ಕೊನೆಯ ಸುತ್ತಿನಲ್ಲಿ ನುಗ್ಗಿದ ತಂಡಗಳ ವಿಷಯ ಹಾಗಲ್ಲ. ಆಟಗಾರನ ನಿಜವಾದ ಸಾಮರ್ಥ್ಯ ತಿಳಿಯಲು ನೀವು ಹಣ ವೆಚ್ಚ ಮಾಡಬೇಕು, ಎದುರಾಳಿ ಎಷ್ಟು ಸುರಿದಿದ್ದಾನೆ ಎಂಬುದನ್ನು ಊಹಿಸಬೇಕು. ಕಂಪ್ಯೂಟರ್ ಕೋಚ್‌ಗೆ ಇವೆರಡೂ ಪುಕ್ಕಟೆಯಾಗಿ ಕಾಣುವಂತಿದ್ದರೆ, ಪರದೆಯ ಶೇ. 65 ಅಕ್ಷರಶಃ ಸತ್ಯವಾಗಿದ್ದೂ ಪೈಪೋಟಿ ಅಸಮವಾಗುತ್ತದೆ. ದಾಳ ಸರಿಯಾಗಿಯೇ ಉರುಳುತ್ತಿರಬಹುದು, ಇಸ್ಪೀಟಿನ ಎಲೆಗಳನ್ನು ಮಾತ್ರ ಒಬ್ಬರೇ ಇಣುಕಿ ನೋಡುತ್ತಿರಬಹುದು. ಆದರೆ ತಡವಾಗಿ ಬಂದದ್ದೇ ಇದಕ್ಕೆ ಪುರಾವೆಯಲ್ಲ. ಮೊದಲು ಬಯಸಿದ ಹುಡುಗ ಕೈತಪ್ಪಿದ ತಂಡ ಉಳಿದ ಬಜೆಟ್ಟಿನೊಡನೆ ಮತ್ತೊಬ್ಬನತ್ತ ತಿರುಗುವುದು ಸಹಜ. ಅಮೆರಿಕದ ನಿಜವಾದ ಕಾಲೇಜುಗಳಲ್ಲೂ ಹಾಗೆಯೇ ನಡೆಯುತ್ತದೆ. ಕಾಲೇಜು ಕ್ರೀಡೆಯ ಅತ್ಯುನ್ನತ ಹಂತವಾದ ಡಿವಿಷನ್ 1ರ ಪುರುಷರ ತಂಡಕ್ಕೆ ಬಹುಕಾಲ 13 ಸ್ಕಾಲರ್‌ಶಿಪ್‌ಗಳ ಮಿತಿಯಿದ್ದಾಗ, ಖಾಲಿ ಉಳಿದ ಒಂದು ಸ್ಥಾನಕ್ಕಾಗಿ ಕೋಚ್‌ಗಳು ಕೊನೆಯ ಗಳಿಗೆಯವರೆಗೂ ಹುಡುಕುತ್ತಿದ್ದರು.

ಹಾಗಾದರೆ ತಿಳಿಯುವುದು ಹೇಗೆ? ಒಂದು ನೋಟ್‌ಬುಕ್ ಇಡಿ. ಪ್ರತಿ ಪೈಪೋಟಿಯಲ್ಲೂ ಫಲಿತಾಂಶ ಬರುವ ಮೊದಲೇ ನಿಮ್ಮ ಅವಕಾಶ ಎಷ್ಟಿತ್ತು, ಎದುರಾಳಿ ಮನುಷ್ಯನೋ ಕಂಪ್ಯೂಟರೋ, ಯಾವ ಸುತ್ತಿನಲ್ಲಿ ಬಂದ ಎಂದು ಬರೆದುಕೊಳ್ಳಿ. ಗೆದ್ದವನ್ನೂ ಬಿಡದೆ ಬರೆಯಬೇಕು, ಇಲ್ಲದಿದ್ದರೆ ಅದು ಲೆಕ್ಕದ ಪುಸ್ತಕವಾಗದೆ ಗೋಳಿನ ಪುಸ್ತಕವಾಗುತ್ತದೆ. ಶೇ. 65 ಅವಕಾಶದ 60 ಪೈಪೋಟಿಗಳಲ್ಲಿ ಸರಾಸರಿ 39 ಗೆಲುವು ಬರಬೇಕು. 35 ಬಂದರೆ ಏನೂ ಹೇಳಲಾಗದು. 30ಕ್ಕಿಂತ ಕೆಳಗಿಳಿದು, ಅದೂ ಕಂಪ್ಯೂಟರ್ ತಂಡಗಳ ಎದುರು ಮಾತ್ರ ಹಾಗಾದರೆ, ಆಗ ನಿಮ್ಮ ಮಾತಿಗೆ ತೂಕ ಬರುತ್ತದೆ. ನಿಮ್ಮಂತಹ ನಾಲ್ಕೈದು ಕೋಚ್‌ಗಳು ಸೇರಿ ಬರೆದಿಟ್ಟರೆ ಮೂರ್ನಾಲ್ಕು ಸೀಸನ್‌ಗಳಲ್ಲಿ ಇಷ್ಟು ಲೆಕ್ಕ ಸಿಕ್ಕೀತು.

ಆಟದ ತಯಾರಕರಿಗೆ ಬರೆಯುವಾಗ ‘ಮೋಸ’ ಎಂಬ ಪದವನ್ನು ಬಿಡಿ. ಅದಕ್ಕೆ ‘ಇಲ್ಲ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಕಂಪ್ಯೂಟರ್ ತಂಡಗಳೂ ಆಟಗಾರರನ್ನು ಪರೀಕ್ಷಿಸಲು ಹಣ ತೆರುತ್ತವೆಯೇ, ಇತರರು ಸುರಿದ ಮೊತ್ತ ಅವುಗಳಿಗೆ ಕಾಣುತ್ತದೆಯೇ ಎಂದು ಕೇಳಿ. ಕಷ್ಟದ ಹಂತದಲ್ಲಿ ಕಂಪ್ಯೂಟರಿಗೆ ಹೆಚ್ಚಿನ ಸಂಪನ್ಮೂಲ ಕೊಡುವ ಆಟಗಳು ಎಷ್ಟೋ ಇವೆ. ನಿಯಮದಲ್ಲಿ ಬಹಿರಂಗವಾಗಿ ಹೇಳಿದ್ದರೆ ನನಗೆ ಅದರಲ್ಲಿ ತಕರಾರಿಲ್ಲ, ಮುಚ್ಚಿಟ್ಟಿದ್ದರೆ ಇದೆ. ಉತ್ತರ ಬರುವವರೆಗೆ ಬಜೆಟ್ಟಿನ ಒಂದು ಪಾಲನ್ನು ಕೊನೆಯ ಸುತ್ತಿಗೆಂದೇ ಉಳಿಸಿಕೊಂಡು ಆಡಿ ನೋಡಿ.