ಮಗುವನ್ನು ನೀರಿಗಿಳಿಸುವುದು ಯಾವಾಗ?

ಪ್ರಶ್ನೆ: ಮಗಳಿಗೆ 10 ತಿಂಗಳು. ಬೇಸಿಗೆಗೆ ಅಕ್ಕನ ಅಪಾರ್ಟ್‌ಮೆಂಟಿಗೆ ಹೋಗುತ್ತೇವೆ, ಅಲ್ಲಿ ಈಜುಕೊಳವಿದೆ. ಈಗಲೇ ಈಜು ಕಲಿಸಬಹುದಾ ಡಾಕ್ಟ್ರೇ?
– ಒಬ್ಬ ತಾಯಿ, ಹಾಸನ

ಉತ್ತರ: ನೀರಲ್ಲಿ ಆಟ ಆಡಿಸಿ ಅಮ್ಮಾ, ಈಜಿನ ಪಾಠ ಈಗ ಬೇಡ. 1 ವರ್ಷ ತುಂಬಿದ ಮೇಲೆ ಶುರು ಮಾಡಬಹುದು. ಹೆಚ್ಚಿನ ಮಕ್ಕಳು ಸರಿಯಾಗಿ ಕಲಿಯುವುದು 4 ವರ್ಷದ ಹೊತ್ತಿಗೆ. ನೀರು ಬೆಚ್ಚಗಿರಲಿ, ಸುಮಾರು 32 ಡಿಗ್ರಿ ಸೆಲ್ಸಿಯಸ್. ನೀವೂ ಇಳಿದು ಮಗುವನ್ನು ಹಿಡಿದುಕೊಂಡೇ ಇರಿ. 10 ನಿಮಿಷ ಸಾಕು. ನಡುಗಿದರೆ ತಕ್ಷಣ ಮೇಲೆತ್ತಿ ಒರೆಸಿ. ತೋಳಿಗೆ ಹಾಕುವ ಗಾಳಿ ತುಂಬಿದ ಪಟ್ಟಿಯನ್ನು ನಂಬಲೇಬೇಡಿ, ಅದು ಆಟದ ಸಾಮಾನು.

ಕೊಳಕ್ಕಿಂತ ಬಚ್ಚಲಿನ ಬಕೆಟ್ ಕಂಡರೆ ನನಗೆ ಜಾಸ್ತಿ ಭಯ. ಹಿಡಿದು ನಿಲ್ಲುವ ವಯಸ್ಸು ಅಲ್ವಾ? ಬಗ್ಗಿ ತಲೆಕೆಳಗಾಗಿ ಬಿದ್ದರೆ ಒಂದು ಗೇಣು ನೀರೂ ಅಪಾಯ, ಕೂಗೂ ಕೇಳಿಸುವುದಿಲ್ಲ. ಸ್ನಾನ ಮುಗಿದ ಕೂಡಲೇ ಬಕೆಟ್ ಬೋರಲು ಹಾಕಿ, ಬಚ್ಚಲ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ.